ಗಾಯನ ವಿದ್ಯಾರ್ಥಿಗಳ ಸ್ವರಲಿಪಿ ಸಂಗ್ರಹಗಳು

ಹಾಡಿನ ಸಾಹಿತ್ಯದೊಂದಿಗೆ ಅದರ ರಾಗ, ತಾಳ ಮತ್ತು ಸ್ವರಸಂಚಾರವನ್ನು ಅಕ್ಷರಗಳಲ್ಲೂ ಚಿಹ್ನೆಗಳಲ್ಲೂ ಬರೆದು, ಕಲಿಯುವವರಿಗೆ ಒದಗುವಂತೆ ಒಂದು ಕ್ರಮದಲ್ಲಿ ಜೋಡಿಸಿದ ಪುಸ್ತಕವೇ ಸ್ವರಲಿಪಿ ಸಂಗ್ರಹ. ಕರ್ನಾಟಕ ಸಂಗೀತದಲ್ಲಿ ಇದರ ಹರವು ಸರಳೆವರಸೆ, ಜಂಟಿವರಸೆ, ಅಲಂಕಾರಗಳಿಂದ ಮೊದಲಾಗಿ ಗೀತೆ, ಸ್ವರಜತಿ, ವರ್ಣ, ಕೃತಿ, ದೇವರನಾಮ, ಜಾವಳಿ, ತಿಲ್ಲಾನಗಳವರೆಗೆ ಇದೆ. ಹಳೆಯ ಮೈಸೂರು ಸೀಮೆಯಲ್ಲಿ ಹಾಡುಗಾರಿಕೆ ಕಲಿಯುವವರು ಇಂಥ ಪುಸ್ತಕವನ್ನು ಆರಿಸುವಾಗ ಸಾಮಾನ್ಯವಾಗಿ ಎರಡು ಸಂಗತಿ ನೋಡುತ್ತಾರೆ: ಎಷ್ಟು ಹಾಡುಗಳಿವೆ, ಪರೀಕ್ಷೆಯ ಪಠ್ಯಪಟ್ಟಿಗೆ ಎಷ್ಟು ಹೊಂದುತ್ತದೆ. ಇವೆರಡೂ ಬೇಕಾದವೇ. ಆದರೆ ಸಂಗ್ರಹದ ಯೋಗ್ಯತೆಯನ್ನು ನಿರ್ಧರಿಸುವ ಮುಖ್ಯ ಗುಣ ಬೇರೆ. ಅಚ್ಚಾದ ಪಾಠ ಯಾರ ಬಾಯಿಂದ, ಯಾವ ಪರಂಪರೆಯಿಂದ, ಯಾವ ಹಳೆಯ ಪುಸ್ತಕದಿಂದ ಬಂತು, ಅದರಲ್ಲಿ ಸಂಪಾದಕರು ಏನನ್ನು ಸೇರಿಸಿದರು ಎಂಬುದನ್ನು ಪುಸ್ತಕ ಮುಚ್ಚುಮರೆಯಿಲ್ಲದೆ ಹೇಳಬೇಕು. ಹಾಗೆ ಹೇಳದ ಪುಸ್ತಕ ಎಷ್ಟೇ ದಪ್ಪವಾಗಿದ್ದರೂ ವಿದ್ಯಾರ್ಥಿಯನ್ನು ದಾರಿ ತಪ್ಪಿಸಬಲ್ಲದು. ಇದಕ್ಕೆ ಆಧಾರಗಳು ಕರ್ನಾಟಕ ಸಂಗೀತದ ಮುದ್ರಣ ಚರಿತ್ರೆಯಲ್ಲೇ ಸಿಗುತ್ತವೆ.

ಉಗಮ

ಸ್ವರ ಹಾಕಿ ಹಾಡು ಬರೆದಿಡುವ ರೂಢಿ ಅಚ್ಚುಕೂಟಕ್ಕಿಂತ ಹಳೆಯದು. ತ್ಯಾಗರಾಜರ (1767–1847) ನೇರ ಶಿಷ್ಯ ವಾಲಾಜಾಪೇಟೆ ವೆಂಕಟರಮಣ ಭಾಗವತರು ಗುರುಗಳ ಕೃತಿಗಳನ್ನು ಸ್ವರಸಹಿತ ಬರೆದಿಟ್ಟರು. ಆ ಮನೆತನದ ಹಸ್ತಪ್ರತಿಗಳು ಮಧುರೆಯ ಸೌರಾಷ್ಟ್ರ ಸಭೆಗೆ ಸೇರಿ ಉಳಿದಿವೆ. ಇದೇ ಭಾಗವತರ ಶಿಷ್ಯ ಸದಾಶಿವರಾಯರು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿಗೆ ಬಂದು ನೆಲೆಸಿದ್ದರಿಂದ ತ್ಯಾಗರಾಜ ಪರಂಪರೆಯ ಒಂದು ಕವಲು ಅರಮನೆಯ ಆಶ್ರಯದಲ್ಲಿ ಬೇರುಬಿಟ್ಟಿತು. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಮದರಾಸಿನ ತಚ್ಚೂರು ಸಿಂಗರಾಚಾರ್ಯುಲು ಸಹೋದರರು ತೆಲುಗು ಲಿಪಿಯಲ್ಲಿ ಸರಣಿ ಪುಸ್ತಕಗಳನ್ನು ಹೊರತಂದರು. ವರಸೆಗಳಿಂದ ಕೃತಿಗಳವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ, ಇಂದಿಗೂ ಕಲಿಕೆಯ ಪುಸ್ತಕಗಳು ಅನುಸರಿಸುವ ಜೋಡಣೆಗೆ ಅಚ್ಚಿನ ರೂಪ ಸಿಕ್ಕಿದ್ದು ಇಂಥವುಗಳಿಂದ. ಅದೇ ಹೊತ್ತಿಗೆ ಚಿನ್ನಸ್ವಾಮಿ ಮುದಲಿಯಾರ್ ಕರ್ನಾಟಕ ಸಂಗೀತದ ಹಾಡುಗಳನ್ನು ಪಾಶ್ಚಾತ್ಯರ ಐದು ಗೆರೆಗಳ ಲಿಪಿಯಲ್ಲಿ ಅಚ್ಚು ಹಾಕಿಸುವ ಸಾಹಸಕ್ಕೆ ಕೈಹಾಕಿದರು. ಆ ಲಿಪಿ ಇಲ್ಲಿ ನಿಲ್ಲಲಿಲ್ಲವಾದರೂ ಅವರ ಒತ್ತಾಸೆಯಿಂದ ಇನ್ನೊಂದು ದೊಡ್ಡ ಕೆಲಸ ನಡೆಯಿತು. ಮುತ್ತುಸ್ವಾಮಿ ದೀಕ್ಷಿತರ ಮನೆತನದ ಸುಬ್ಬರಾಮ ದೀಕ್ಷಿತರು ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯನ್ನು 1904ರಲ್ಲಿ ಎಟ್ಟಯಾಪುರದಿಂದ ಪ್ರಕಟಿಸಿದರು. ಗ್ರಂಥ ತೆಲುಗು ಲಿಪಿಯಲ್ಲಿತ್ತು. ಕಂಪಿತ, ಸ್ಫುರಿತ, ಪ್ರತ್ಯಾಹತ, ನೊಕ್ಕು, ರವೆ, ಜಾರು ಮೊದಲಾದ ಗಮಕಗಳಿಗೆ ಒಂದೊಂದು ಚಿಹ್ನೆ ಗೊತ್ತುಮಾಡಿತ್ತು. ಯಾವುದು ಯಾರ ರಚನೆ ಎಂಬುದನ್ನೂ ಕಾಣಿಸಿತ್ತು. ಮದರಾಸಿನ ಮ್ಯೂಸಿಕ್ ಅಕಾಡೆಮಿ 1961ರಿಂದ ಇದರ ತಮಿಳು ಆವೃತ್ತಿಯನ್ನು ಸಂಪುಟಗಳಾಗಿ ತಂದಿತು.

ಕನ್ನಡದ ಹಾಡುಗಳ ಕತೆ ಬೇರೆ. 19ನೆಯ ಶತಮಾನದ ನಡುವೆ ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ದಾಸರ ಪದಗಳನ್ನು ಅಚ್ಚಿಗೆ ತಂದಾಗ ಬಂದದ್ದು ಸಾಹಿತ್ಯ ಮಾತ್ರ. ಮುಂದೆ ಬಂದ ಎಷ್ಟೋ ಕೀರ್ತನ ಸಂಪುಟಗಳೂ ಪದದ ತಲೆಯ ಮೇಲೆ ರಾಗ, ತಾಳಗಳ ಹೆಸರು ಹಾಕಿ ಕೈಬಿಟ್ಟವು. ದಾಸರ ಪದಗಳಿಗೆ ಸ್ವರ ಹಾಕಿದ ಪುಸ್ತಕಗಳು ಬಂದದ್ದು 20ನೆಯ ಶತಮಾನದಲ್ಲಿ, ಬಿಡಾರಂ ಕೃಷ್ಣಪ್ಪನವರಂಥ (1866–1931) ಮೈಸೂರಿನ ಗಾಯಕರು ದೇವರನಾಮಗಳನ್ನು ಕಚೇರಿಯ ವೇದಿಕೆಗೆ ತಂದು ಅವಕ್ಕೆ ಗೌರವದ ಜಾಗ ಕೊಟ್ಟ ಮೇಲೆ. ಪದ 16ನೆಯ ಶತಮಾನದ್ದು, ಅದರ ಸ್ವರಲಿಪಿ ಇತ್ತೀಚಿನದು ಎಂಬ ಈ ಅಂತರ ಸಂಗ್ರಹದ ಆಯ್ಕೆಯ ಮೇಲೆ ನೇರವಾಗಿ ಪರಿಣಾಮ ಬೀರುತ್ತದೆ.

ಪ್ರಾದೇಶಿಕ ಹಿನ್ನೆಲೆ

ಹಳೆಯ ಮೈಸೂರು ಸೀಮೆಯ ಹಳ್ಳಿಗಾಡಿಗೆ ಪಿರಿಯಾಪಟ್ಟಣ ತಾಲ್ಲೂಕು ಒಂದು ಉದಾಹರಣೆ; ರಾವಂದೂರು ಅದರ ಒಂದು ಹೋಬಳಿ ಕೇಂದ್ರ. ಇದೇ ತಾಲ್ಲೂಕಿನ ಬೆಟ್ಟದಪುರ ಸಂಕೇತಿ ಸಮುದಾಯದ ಹಳೆಯ ನೆಲೆಗಳಲ್ಲಿ ಒಂದು. ಕಾವೇರಿ ದಂಡೆಯ ರುದ್ರಪಟ್ಟಣ ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿಗೆ ಸೇರಿದ್ದರೂ ಈ ಸೀಮೆಗೆ ನೆರೆಯದೇ. ಆರ್.ಕೆ. ಶ್ರೀಕಂಠನ್ (1920–2014), ಪಿಟೀಲಿನ ಆರ್.ಕೆ. ವೆಂಕಟರಾಮಶಾಸ್ತ್ರಿ, ರುದ್ರಪಟ್ಟಣ ಸಹೋದರರೆಂದು ಹೆಸರಾದ ತ್ಯಾಗರಾಜನ್ ಮತ್ತು ತಾರಾನಾಥನ್, ಆರ್.ಕೆ. ಪದ್ಮನಾಭ ಇವರೆಲ್ಲ ಆ ಊರಿನ ಮನೆತನಗಳವರು. ಹಳ್ಳಿಯ ಮನೆಗಳಲ್ಲಿ ಬಾಯಿಪಾಠವಾಗಿ ಉಳಿದ ಸಂಗೀತ ರಾಜ್ಯದ ವೇದಿಕೆಗಳಿಗೆ ಏರಿದ ನಿದರ್ಶನ ಇದು. ಆದರೂ ಉನ್ನತ ಶಿಕ್ಷಣಕ್ಕೆ ಈ ತಾಲ್ಲೂಕುಗಳ ಮಕ್ಕಳು ನೋಡುವುದು ಮೈಸೂರಿನ ಕಡೆಗೆ. ಪಿಟೀಲು ಚೌಡಯ್ಯನವರು ಕಟ್ಟಿದ ಅಯ್ಯನಾರ್ ಸಂಗೀತ ಕಾಲೇಜು, ವಿ. ರಾಮರತ್ನಂ ಮೊದಲ ಪ್ರಾಂಶುಪಾಲರಾಗಿ 1965ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾನಿಲಯದ ಸಂಗೀತ ಮತ್ತು ನೃತ್ಯ ಕಾಲೇಜು, ಈಚಿನ ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ ಎಲ್ಲವೂ ಅಲ್ಲಿಯೇ ಇವೆ. ತಾಲ್ಲೂಕು ಕೇಂದ್ರಗಳಲ್ಲೂ ಹೋಬಳಿಗಳಲ್ಲೂ ಪಾಠ ನಡೆಯುವುದು ವಾರಕ್ಕೆ ಒಂದೋ ಎರಡೋ ದಿನ. ಉಳಿದ ದಿನಗಳಲ್ಲಿ ವಿದ್ಯಾರ್ಥಿಯ ಎದುರಿಗೆ ಇರುವುದು ಪುಸ್ತಕ ಮತ್ತು ಶ್ರುತಿಪೆಟ್ಟಿಗೆ. ಪಟ್ಟಣದಲ್ಲಿ ಗುರುವಿನ ಮನೆ ಎರಡು ಬೀದಿಯಾಚೆ ಇರುವವರಿಗಿಂತ ಇಂಥ ಕಡೆ ಪುಸ್ತಕದ ಭಾರ ಹೆಚ್ಚು. ಅದರಲ್ಲಿ ತಪ್ಪಿದ್ದರೆ ತಿದ್ದುವವರು ಸಿಗುವುದು ವಾರದ ಮೇಲೆ, ಅಷ್ಟರಲ್ಲಿ ತಪ್ಪು ಗಂಟಲಿನಲ್ಲಿ ಕುಳಿತಿರುತ್ತದೆ.

ರಚನೆ

ಕನ್ನಡ ಸ್ವರಲಿಪಿಯಲ್ಲಿ ಏಳು ಸ್ವರಗಳನ್ನು ಸ, ರಿ, ಗ, ಮ, ಪ, ದ, ನಿ ಎಂಬ ಅಕ್ಷರಗಳಿಂದ ಬರೆಯುತ್ತಾರೆ. ಅಕ್ಷರದ ಮೇಲೆ ಚುಕ್ಕಿ ಇದ್ದರೆ ತಾರಸ್ಥಾಯಿ, ಕೆಳಗೆ ಇದ್ದರೆ ಮಂದ್ರಸ್ಥಾಯಿ. ಹ್ರಸ್ವಕ್ಕೆ ಒಂದು ಅಕ್ಷರಕಾಲ, ದೀರ್ಘಕ್ಕೆ ಎರಡು. ಅದಕ್ಕೂ ಮೀರಿ ಎಳೆಯಬೇಕಾದಾಗ ಅಲ್ಪವಿರಾಮ ಒಂದು ಅಕ್ಷರಕಾಲವನ್ನೂ ಅರ್ಧವಿರಾಮ ಎರಡನ್ನೂ ಸೂಚಿಸುತ್ತದೆ. ಸ್ವರಗಳ ಮೇಲೆ ಎಳೆದ ಅಡ್ಡಗೆರೆ ವೇಗವನ್ನು ಇಮ್ಮಡಿಗೊಳಿಸುತ್ತದೆ. ತಾಳದ ಅಂಗ ಮುಗಿದಲ್ಲಿ ಒಂಟಿ ನಿಲುಗೆರೆ, ಆವರ್ತ ಮುಗಿದಲ್ಲಿ ಜೋಡಿ ನಿಲುಗೆರೆ ಬರುತ್ತದೆ. ಸಾಹಿತ್ಯವನ್ನು ಸ್ವರದ ಸಾಲಿನ ಕೆಳಗೆ, ಅಕ್ಷರಕ್ಕೆ ಅಕ್ಷರ ಕೂಡುವಂತೆ ಇಡುತ್ತಾರೆ.

ಈ ಲಿಪಿಯ ಒಂದು ಸ್ವಭಾವವನ್ನು ಎಲ್ಲಕ್ಕಿಂತ ಮೊದಲು ತಿಳಿದಿರಬೇಕು. ರಿಷಭ, ಗಾಂಧಾರ, ಧೈವತ, ನಿಷಾದಗಳಿಗೆ ಬೇರೆ ಬೇರೆ ಸ್ಥಾನಗಳಿದ್ದರೂ ಹಾಡಿನ ಒಳಗೆ ಅವನ್ನು ಬಿಡಿಸಿ ತೋರಿಸುವುದಿಲ್ಲ. ಶುದ್ಧವೋ ಚತುಶ್ರುತಿಯೋ ಎಂಬುದು ತಲೆಬರಹದಲ್ಲಿ ಕೊಟ್ಟ ಮೇಳದ ಹೆಸರಿನಿಂದ ಮಾತ್ರ ಗೊತ್ತಾಗಬೇಕು. ಅಂದರೆ ಪುಟದ ಮೇಲ್ಭಾಗದ ಒಂದು ಸಾಲು ಉಳಿದ ಇಡೀ ಪುಟದ ಅರ್ಥವನ್ನು ನಿರ್ಧರಿಸುತ್ತದೆ. ಆ ಸಾಲನ್ನು ಅವಸರದಲ್ಲಿ ಅಚ್ಚು ಹಾಕಿದ, ಕೆಲವೊಮ್ಮೆ ಆರೋಹಣ ಅವರೋಹಣವನ್ನೇ ಕೊಡದ ಪುಸ್ತಕಗಳು ಅಂಗಡಿಗಳಲ್ಲಿ ಕಡಿಮೆಯೇನೂ ಇಲ್ಲ.

ತಾಳದ ಗುರುತಿನಲ್ಲೂ ಇಂಥ ಸೂಕ್ಷ್ಮಗಳಿವೆ. ಮಲಹರಿಯ ಗೀತೆಗಳಲ್ಲಿ ಬರುವ ರೂಪಕತಾಳ ಎರಡು ಮತ್ತು ನಾಲ್ಕು ಸೇರಿ ಆರು ಅಕ್ಷರಗಳದ್ದು; ಮೊದಲ ಎರಡು ಅಕ್ಷರವಾದ ಮೇಲೆ ಒಂಟಿಗೆರೆ ಬೀಳಬೇಕು. ಕೃತಿಗಳನ್ನು ಹಾಡುವಾಗ ರೂಪಕವನ್ನು ಮೂರು ಎಣಿಕೆಯಲ್ಲಿ ಹಾಕುವ ರೂಢಿ ಬಲವಾಗಿರುವುದರಿಂದ ಕೆಲವು ಪುಸ್ತಕಗಳು ಗೀತೆಗಳಿಗೂ ಅದೇ ವಿಭಾಗ ಹಾಕಿಬಿಡುತ್ತವೆ. ಆಗ ಅಲಂಕಾರದಲ್ಲಿ ದ್ರುತ, ಲಘು ಎಂದು ಕೈಯಲ್ಲಿ ಹಾಕಿ ಕಲಿತ ಮಗು ಗೀತೆಗೆ ಬಂದಾಗ ಲೆಕ್ಕ ತಪ್ಪುತ್ತದೆ. ಕೃತಿಗಳಲ್ಲಿ ಎತ್ತುಗಡೆ ಸಮದಲ್ಲೋ ಸಮವಾದ ಮೇಲೋ ಎಂಬುದನ್ನು ಪಲ್ಲವಿಯ ಮೊದಲ ಸಾಲಿನಲ್ಲೇ ವಿರಾಮಚಿಹ್ನೆಗಳಿಂದ ಕಾಣಿಸಬೇಕು. ಕಾಣಿಸದಿದ್ದರೆ ಸ್ವರ ಸರಿಯಿದ್ದೂ ಹಾಡು ತಾಳದಿಂದ ಜಾರುತ್ತದೆ.

ಬಗೆಗಳು

ಕೈಗೆ ಸಿಗುವ ಸಂಗ್ರಹಗಳನ್ನು ಉದ್ದೇಶದ ಮೇಲೆ ವಿಂಗಡಿಸಬಹುದು. ಪ್ರಾರಂಭಿಕ ಪಾಠದ ಪುಸ್ತಕಗಳು ವರಸೆಯಿಂದ ವರ್ಣದವರೆಗೆ ಸಾಗುತ್ತವೆ. ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಎ.ಎಸ್. ಪಂಚಾಪಕೇಶ ಅಯ್ಯರ್ ಅವರ ‘ಗಾನಾಮೃತ ಬೋಧಿನಿ’ ಈ ಬಗೆಯಲ್ಲಿ ಬಹಳ ಬಳಕೆಯಲ್ಲಿದೆ. ಪಠ್ಯಪುಸ್ತಕಗಳು ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ಬಹುಕಾಲ ನಡೆಸಿಕೊಂಡು ಬಂದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳನ್ನು ಕಣ್ಣಮುಂದಿಟ್ಟುಕೊಂಡು ಲಕ್ಷ್ಯ, ಲಕ್ಷಣ ಎರಡನ್ನೂ ಕೊಡುತ್ತವೆ. ಮೂರನೆಯದು ಒಬ್ಬ ವಾಗ್ಗೇಯಕಾರರ ರಚನೆಗಳ ಸಂಪುಟ. ಟಿ.ಕೆ. ಗೋವಿಂದರಾವ್ ದೇವನಾಗರಿ ಮತ್ತು ರೋಮನ್ ಲಿಪಿಗಳಲ್ಲಿ ಸಂಪಾದಿಸಿದ ತ್ಯಾಗರಾಜ, ದೀಕ್ಷಿತ, ಶ್ಯಾಮಾಶಾಸ್ತ್ರಿ ಸಂಪುಟಗಳು ಈ ಗುಂಪಿನವು. ಮೈಸೂರು ವಾಸುದೇವಾಚಾರ್ಯರ (1865–1961) ‘ವಾಸುದೇವ ಕೀರ್ತನ ಮಂಜರಿ’ ವಾಗ್ಗೇಯಕಾರರೇ ತಮ್ಮ ರಚನೆಗಳನ್ನು ಹೊರತಂದದ್ದು ಎಂಬ ಕಾರಣಕ್ಕೆ ವಿಶೇಷ ಬೆಲೆಯುಳ್ಳದ್ದು. ಉತ್ತರ ಕರ್ನಾಟಕದ ಹಿಂದೂಸ್ತಾನಿ ವಿದ್ಯಾರ್ಥಿಗಳಿಗೆ ಭಾತಖಂಡೆಯವರ (1860–1936) ‘ಕ್ರಮಿಕ ಪುಸ್ತಕ ಮಾಲಿಕಾ’ದ ಆರು ಭಾಗಗಳು ಇದೇ ಕೆಲಸ ಮಾಡುತ್ತವೆ.

ಪಾಠಾಂತರ ಮತ್ತು ಮೂಲ

ಒಂದೇ ಕೃತಿಯನ್ನು ಎರಡು ಪರಂಪರೆಗಳು ಎರಡು ರೀತಿ ಹಾಡುವುದು ಕರ್ನಾಟಕ ಸಂಗೀತದಲ್ಲಿ ದೋಷವಲ್ಲ. ತ್ಯಾಗರಾಜರ ಶಿಷ್ಯಸಂತತಿ ವಾಲಾಜಾಪೇಟೆ, ಉಮಯಾಳಪುರಂ, ತಿಲ್ಲೈಸ್ಥಾನಂ ಎಂದು ಕವಲೊಡೆದಾಗ ಪಾಠಾಂತರಗಳು ಹುಟ್ಟಿದವು, ಅವಕ್ಕೆಲ್ಲ ಮನ್ನಣೆ ಇದೆ. ತೊಂದರೆ ಬರುವುದು ಒಂದು ಪಾಠಾಂತರವನ್ನು ಪುಸ್ತಕ ಯಾವ ವಿವರಣೆಯೂ ಇಲ್ಲದೆ ಏಕೈಕ ಪಾಠವೆಂಬಂತೆ ಮುಂದಿಟ್ಟಾಗ.

ಆಭೇರಿ ರಾಗದಲ್ಲಿರುವ ತ್ಯಾಗರಾಜರ ‘ನಗುಮೋಮು’ ಇದಕ್ಕೆ ಸ್ಪಷ್ಟ ನಿದರ್ಶನ. ಹಳೆಯ ಲಕ್ಷಣದ ಪ್ರಕಾರ ಆಭೇರಿಯ ಧೈವತ ಶುದ್ಧ. ರಾಗ 20ನೆಯ ಮೇಳವಾದ ನಠಭೈರವಿಯ ಜನ್ಯ. ಮುಸಿರಿ ಸುಬ್ರಹ್ಮಣ್ಯ ಅಯ್ಯರ್ ಮೊದಲಾದವರ ಹಾಡಿಕೆಯಿಂದ ಜನಪ್ರಿಯವಾದ, ಇಂದು ಎಲ್ಲೆಡೆ ಕೇಳಿಬರುವ ರೂಪದಲ್ಲಿ ಧೈವತ ಚತುಶ್ರುತಿ. ಲಕ್ಷಣ ನೋಡಿದರೆ ಅದು 22ನೆಯ ಮೇಳವಾದ ಖರಹರಪ್ರಿಯದ ಜನ್ಯ, ಹಳಬರು ಕರ್ನಾಟಕ ದೇವಗಾಂಧಾರಿ ಎಂದ ರಾಗ. ಈಗ ಎರಡು ಪುಸ್ತಕಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. ಎರಡರಲ್ಲೂ ಹಾಡಿನ ಒಳಗೆ ಅಚ್ಚಾಗಿರುವುದು ‘ದ’ ಎಂಬ ಒಂದೇ ಅಕ್ಷರ. ಆರೋಹಣದಲ್ಲಿ ಸ ಗ ಮ ಪ ನಿ ಸ, ಅವರೋಹಣದಲ್ಲಿ ಸ ನಿ ದ ಪ ಮ ಗ ರಿ ಸ ಎಂಬ ಸಾಲೂ ಎರಡರಲ್ಲೂ ಅದೇ. ವ್ಯತ್ಯಾಸ ಇರುವುದು ತಲೆಬರಹದ ಮೇಳದ ಸಂಖ್ಯೆಯಲ್ಲಿ ಮಾತ್ರ. ಹಳೆಯ ಪುಸ್ತಕದಿಂದ 20 ಎಂದು ನಕಲು ಮಾಡಿಕೊಂಡು, ಸಂಚಾರವನ್ನು ಈಗಿನ ಕಚೇರಿಯ ಹಾಡಿಕೆಯಿಂದ ಬರೆದ ಸಂಗ್ರಹ ಸಿಕ್ಕಿದರೆ ವಿದ್ಯಾರ್ಥಿ ಪರೀಕ್ಷೆಯಲ್ಲಿ ಬರೆಯುವ ಲಕ್ಷಣವೇ ಒಂದು, ಹಾಡುವ ಸ್ವರವೇ ಇನ್ನೊಂದು ಆಗುತ್ತದೆ. ಒಳ್ಳೆಯ ಸಂಪಾದಕರು ಇಲ್ಲಿ ಎರಡು ಸಾಲಿನ ಟಿಪ್ಪಣಿ ಹಾಕುತ್ತಾರೆ. ಆ ಎರಡು ಸಾಲು ಇದೆಯೇ ಎಂದು ನೋಡುವುದು ಸಂಗ್ರಹವೊಂದನ್ನು ಪರೀಕ್ಷಿಸುವ ನೆಚ್ಚಬಹುದಾದ ವಿಧಾನ.

ದೇವರನಾಮಗಳಲ್ಲಿ ಮೂಲದ ಪ್ರಶ್ನೆ ಇನ್ನೂ ಆಳದ್ದು. ಪುರಂದರದಾಸರು ಕರ್ನಾಟಕ ಸಂಗೀತದ ಪಿತಾಮಹರೆಂಬ ಗೌರವ ಪಡೆದವರು. ಮಾಯಾಮಾಳವಗೌಳದಲ್ಲಿ ಅಭ್ಯಾಸ ಆರಂಭಿಸುವ ಪದ್ಧತಿಯನ್ನೂ ಮಲಹರಿಯ ಗೀತೆಗಳನ್ನೂ ಪರಂಪರೆ ಅವರ ಹೆಸರಿಗೆ ಸಲ್ಲಿಸುತ್ತದೆ. ಗೀತೆಗಳ ಧಾಟಿ ಪಾಠದ ಮೂಲಕ ಹೆಚ್ಚು ಕಡಿಮೆ ಒಂದೇ ರೂಪದಲ್ಲಿ ಉಳಿದು ಬಂತು. ಆದರೆ ಅವರ ಪದಗಳ ಮೂಲ ಧಾಟಿಗಳು ಬಹುಪಾಲು ಕಳೆದುಹೋಗಿವೆ. ‘ಭಾಗ್ಯದ ಲಕ್ಷ್ಮೀ ಬಾರಮ್ಮ’ವನ್ನು ದಕ್ಷಿಣದ ಕಚೇರಿಗಳಲ್ಲಿ ಮಧ್ಯಮಾವತಿಯಲ್ಲೋ ಶ್ರೀರಾಗದಲ್ಲೋ ಹಾಡುತ್ತಾರೆ; ಭೀಮಸೇನ ಜೋಶಿಯವರ ಕಂಠದಿಂದ ಮನೆಮಾತಾದ ಧಾಟಿ ಬೇರೆಯದು. ಮೂರರಲ್ಲಿ ಯಾವುದನ್ನೂ ದಾಸರದೇ ಎನ್ನಲು ಆಧಾರವಿಲ್ಲ. ಹಾಗಿರುವಾಗ ದೇವರನಾಮದ ಸ್ವರಲಿಪಿ ಕೊಡುವ ಪುಸ್ತಕ ‘ರಚನೆ ಪುರಂದರದಾಸರು’ ಎಂದಷ್ಟೇ ಬರೆದು ನಿಲ್ಲಿಸಿದರೆ ಸಾಲದು. ರಾಗ ಸಂಯೋಜನೆ ಯಾರದು ಎಂದೂ ಹೇಳಬೇಕು. ಅದು 20ನೆಯ ಶತಮಾನದ ಯಾವ ಗಾಯಕರ ಶ್ರಮವೋ ಅವರಿಗೆ ಆ ಹೆಸರು ಸಲ್ಲಬೇಕಾದದ್ದು ನ್ಯಾಯ.

ಅಂಕಿತ ನೋಡದೆ ಹೆಸರು ಹಾಕುವ ತಪ್ಪು ಕೃತಿಗಳಲ್ಲೂ ಇದೆ. ಖಮಾಚ್ ರಾಗದ ‘ಬ್ರೋಚೇವಾರೆವರುರಾ’ ಮೈಸೂರು ವಾಸುದೇವಾಚಾರ್ಯರದು. ಭಾಷೆ ತೆಲುಗು, ವಸ್ತು ರಾಮಭಕ್ತಿ ಆಗಿರುವುದರಿಂದ ಅದನ್ನು ತ್ಯಾಗರಾಜರದೆಂದು ಭಾವಿಸುವವರು ಇಂದಿಗೂ ಇದ್ದಾರೆ. ಆಚಾರ್ಯರು ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರಲ್ಲಿ ಕಲಿತವರು. ಆ ಮೂಲಕ ತ್ಯಾಗರಾಜರ ಶಿಷ್ಯಪರಂಪರೆಗೆ ಸೇರಿದವರು, ಶೈಲಿಯ ಹೋಲಿಕೆ ಸಹಜ. ಮೈಸೂರು ಜಿಲ್ಲೆಯ ವಿದ್ಯಾರ್ಥಿ ತನ್ನ ನೆಲದ ವಾಗ್ಗೇಯಕಾರರನ್ನೇ ಗುರುತಿಸದಂತೆ ಮಾಡುವ ಪುಸ್ತಕವನ್ನು ಕೈಗೆತ್ತಿಕೊಳ್ಳದಿರುವುದೇ ಒಳಿತು.

ಇಟಲಿಯ ಸಂಗ್ರಹಗಳ ಅನುಭವ

ಸಂಗ್ರಹಕಾರರ ಮೌನ ಕಲಿಯುವವರನ್ನು ತಲೆಮಾರುಗಟ್ಟಲೆ ತಪ್ಪುದಾರಿಗೆ ಎಳೆಯಬಲ್ಲದು ಎಂಬುದಕ್ಕೆ ಪಾಶ್ಚಾತ್ಯ ಗಾಯನ ಶಿಕ್ಷಣದಲ್ಲಿ ದೊಡ್ಡ ಉದಾಹರಣೆ ಇದೆ. ಅಲ್ಲಿ ಕಂಠಸಾಧನೆಯ ಮೊದಲ ವರ್ಷಗಳಲ್ಲಿ 17 ಮತ್ತು 18ನೆಯ ಶತಮಾನಗಳ ಇಟಾಲಿಯನ್ ಹಾಡುಗಳನ್ನು ಕಲಿಸುವುದು ರೂಢಿ. ಅಲೆಸಾಂಡ್ರೊ ಪಾರಿಸೊಟ್ಟಿ (1853–1913) ಸಂಪಾದಿಸಿ ಮಿಲಾನಿನ ರಿಕಾರ್ಡಿ ಸಂಸ್ಥೆ 1885ರಿಂದ ಮೂರು ಸಂಪುಟಗಳಲ್ಲಿ ತಂದ ‘ಆರಿಯೆ ಆಂಟಿಕೆ’ ಇದಕ್ಕೆ ತಳಹದಿ. ಅದರಿಂದ ಆರಿಸಿದ ಹಾಡುಗಳನ್ನು ಅಮೆರಿಕದ ಶಿರ್ಮರ್ ಸಂಸ್ಥೆ 1894ರಲ್ಲಿ ಪ್ರಕಟಿಸಿತು, ಮುಂದೆ ಅದರಿಂದ ಆಯ್ದ 24 ಹಾಡುಗಳ ಪುಸ್ತಕ ಜಗತ್ತಿನ ಗಾಯನ ತರಗತಿಗಳಲ್ಲೆಲ್ಲ ಹರಡಿತು. ಮೂಲದಲ್ಲಿ ಕಂಠದ ಸಾಲು ಮತ್ತು ಮಂದ್ರದ ಸಾಲು ಮಾತ್ರ ಇದ್ದ ಹಾಡುಗಳಿಗೆ ಪಾರಿಸೊಟ್ಟಿ ತನ್ನ ಕಾಲದ ಅಭಿರುಚಿಯ ತುಂಬು ಪಿಯಾನೊ ಪಕ್ಕವಾದ್ಯವನ್ನು ಕೂಡಿಸಿದ. ಪೆರ್ಗೊಲೇಸಿಯದೆಂದು ಅಚ್ಚಾದ ‘ಸೆ ತು ಮಾಮಿ’ಗೆ ಹಳೆಯ ಹಸ್ತಪ್ರತಿ ಸಿಕ್ಕಿಲ್ಲ, ಅದು ಪಾರಿಸೊಟ್ಟಿಯದೇ ರಚನೆ ಎಂಬುದು ಈಗ ವಿದ್ವಾಂಸರ ಪ್ರಬಲ ಅಭಿಪ್ರಾಯ. ಸ್ತ್ರಾವಿನ್ಸ್ಕಿಯಂಥ ಸಂಗೀತಗಾರನೂ 1920ರ ‘ಪುಲ್ಚಿನೆಲ್ಲಾ’ದಲ್ಲಿ ಅದನ್ನು ಹಳೆಯ ಹಾಡೆಂದೇ ಬಳಸಿದ. ಜಾನ್ ಗ್ಲೆನ್ ಪೇಟನ್ 1991ರಲ್ಲಿ ಆಲ್ಫ್ರೆಡ್ ಸಂಸ್ಥೆಗಾಗಿ 26 ಹಾಡುಗಳನ್ನು ಹಳೆಯ ಆಕರಗಳಿಗೆ ಹೋಲಿಸಿ ಸಂಪಾದಿಸಿ, ಪ್ರತಿಯೊಂದಕ್ಕೂ ಮೂಲದ ಟಿಪ್ಪಣಿ, ಅರ್ಥ, ಉಚ್ಚಾರಣೆ ಕೊಟ್ಟ ಮೇಲೆ ಶಿಕ್ಷಕರಿಗೆ ಹೋಲಿಸಿ ಆರಿಸುವ ಅವಕಾಶ ಸಿಕ್ಕಿತು. ಮೈಸೂರಿಗೆ ಈ ಸಂಗೀತ ಅಪರಿಚಿತವಲ್ಲ. ಜಯಚಾಮರಾಜ ಒಡೆಯರು (1919–1974) ಪಿಯಾನೊ ಕಲಿತು ಲಂಡನ್ನಿನ ಗಿಲ್ಡ್‌ಹಾಲ್ ಶಾಲೆಯ ಲೈಸೆನ್ಷಿಯೇಟ್ ಪಡೆದವರು. ರಷ್ಯದ ಮೆಟ್ನರ್ ಅವರ ಸಂಗೀತದ ಧ್ವನಿಮುದ್ರಣಕ್ಕೆ ಹಣ ಒದಗಿಸಿದವರು. ಅದೇ ಅರಸರು ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ಸಂಸ್ಕೃತದಲ್ಲಿ ರಚಿಸಿದರು. ಎರಡು ಸಂಗೀತಗಳ ಸಂಗ್ರಹಗಳನ್ನು ಒಂದೇ ಅಳತೆಗೋಲಿನಿಂದ ನೋಡುವುದು ಈ ಊರಿನ ಮಟ್ಟಿಗೆ ಅಸಹಜವೇನಲ್ಲ.

ಶ್ರುತಿ ಮತ್ತು ಕಂಠದ ವ್ಯಾಪ್ತಿ

ಒಂದು ವಿಷಯದಲ್ಲಿ ಕರ್ನಾಟಕ ಸಂಗೀತದ ಸಂಗ್ರಹ ಹೆಚ್ಚು ಅನುಕೂಲದ್ದು. ಐದು ಗೆರೆಗಳ ಲಿಪಿಯಲ್ಲಿ ಸ್ವರದ ಎತ್ತರ ನಿಗದಿಯಾಗಿರುವುದರಿಂದ ಇಟಲಿಯ ಹಾಡುಗಳನ್ನು ಎತ್ತರದ ಕಂಠಕ್ಕೊಂದು, ತಗ್ಗಿನ ಕಂಠಕ್ಕೊಂದು ಎಂದು ಎರಡು ಪುಸ್ತಕಗಳಾಗಿ ಮಾರುತ್ತಾರೆ. ತಪ್ಪು ಪುಸ್ತಕ ಕೊಂಡರೆ ಗಂಟಲಿಗೆ ಕಷ್ಟ. ಕನ್ನಡ ಸ್ವರಲಿಪಿಯ ‘ಸ’ ಯಾವ ಶ್ರುತಿಗೂ ಹೊಂದುತ್ತದೆ. ಒಂದು, ಎರಡು ಮನೆಯಲ್ಲಿ ಹಾಡುವ ಗಂಡಸಿಗೂ ಐದೂವರೆ, ಆರು ಮನೆಯಲ್ಲಿ ಹಾಡುವ ಹೆಂಗಸಿಗೂ ಪುಟ ಒಂದೇ. ಆದರೂ ವ್ಯಾಪ್ತಿಯ ಪ್ರಶ್ನೆ ಇಲ್ಲವೆಂದಲ್ಲ. ಮಲಹರಿಯ ಮೊದಲ ಗೀತೆಗಳು ಬಹುತೇಕ ಮಧ್ಯಷಡ್ಜದಿಂದ ತಾರರಿಷಭದೊಳಗೆ ಮುಗಿಯುತ್ತವೆ; ವರ್ಣ, ಕೃತಿಗಳು ಮಂದ್ರಕ್ಕೂ ಇಳಿಯುತ್ತವೆ, ತಾರದಲ್ಲಿ ಇನ್ನೂ ಮೇಲಕ್ಕೂ ಹೋಗುತ್ತವೆ. ಧ್ವನಿ ಒಡೆಯುವ ವಯಸ್ಸಿನ ಹುಡುಗರಿಗೆ ಇದು ದೊಡ್ಡ ಸಂಗತಿ. ಪ್ರತಿ ರಚನೆಯ ತಲೆಯಲ್ಲಿ ಅತಿ ಕೆಳಗಿನ ಮತ್ತು ಅತಿ ಮೇಲಿನ ಸ್ವರವನ್ನು ಸೂಚಿಸುವ ಪದ್ಧತಿ ನಮ್ಮ ಸಂಗ್ರಹಗಳಲ್ಲಿ ಬೆಳೆದಿಲ್ಲ, ಬೆಳೆಯಬೇಕಾಗಿದೆ.

ಭಾಷೆ ಮತ್ತು ಲಿಪಿ

ಕನ್ನಡ ಮಾತೃಭಾಷೆಯ ವಿದ್ಯಾರ್ಥಿ ಕಲಿಯುವ ಕೃತಿಗಳಲ್ಲಿ ಹೆಚ್ಚಿನವು ತೆಲುಗು ಮತ್ತು ಸಂಸ್ಕೃತದವು. ಕನ್ನಡ ಲಿಪಿ ಇವೆರಡನ್ನೂ ಹೆಚ್ಚು ಕಡಿಮೆ ನಿಖರವಾಗಿ ಹಿಡಿಯುತ್ತದೆ. ಕಗಗಳ ಭೇದ, ಅಲ್ಪಪ್ರಾಣ ಮಹಾಪ್ರಾಣಗಳ ಭೇದ ತೋರಿಸಲು ಬೇರೆ ಗುರುತು ಬೇಕಿಲ್ಲ. ತಮಿಳು ಲಿಪಿಯಲ್ಲಿ ಇದಕ್ಕಾಗಿ ಅಕ್ಷರದ ಪಕ್ಕ ಅಂಕಿಗಳನ್ನು ಹಾಕಬೇಕಾಗುತ್ತದೆ. ಅಂಕಿ ಬಿಟ್ಟುಹೋದ ತಮಿಳು ಪುಸ್ತಕದಿಂದ ಕನ್ನಡಕ್ಕೆ ಇಳಿಸಿದ ಸಂಗ್ರಹದಲ್ಲಿ ‘ಗ’ ಇರಬೇಕಾದಲ್ಲಿ ‘ಕ’, ‘ಭ’ ಇರಬೇಕಾದಲ್ಲಿ ‘ಪ’ ಕಂಡರೆ ಮೂಲ ಎಲ್ಲಿಯದೆಂದು ಊಹಿಸಬಹುದು. ಸ್ವರದ ಕೆಳಗೆ ಹರಿದು ಹಂಚಿದ ಸಾಹಿತ್ಯದಲ್ಲಿ ಪದವಿಭಾಗ ಗೊತ್ತಾಗುವುದಿಲ್ಲವಾದ್ದರಿಂದ, ಸ್ವರಲಿಪಿಗೆ ಮುಂಚೆ ಸಾಹಿತ್ಯವನ್ನು ಪದ ಬಿಡಿಸಿ ಪೂರ್ತಿಯಾಗಿ ಕೊಟ್ಟು, ಅರ್ಥವನ್ನೂ ಕೊಡುವ ಪುಸ್ತಕಕ್ಕೆ ಮೊದಲ ಆದ್ಯತೆ ಸಲ್ಲಬೇಕು. ಅರ್ಥ ತಿಳಿಯದೆ ಉಸಿರು ಎಳೆದುಕೊಳ್ಳುವ ಜಾಗ ತಿಳಿಯದು. ಪದದ ನಡುವೆ ಉಸಿರು ತುಂಡಾಗುವುದು ಹೊಸಬರ ಸಾಮಾನ್ಯ ದೋಷ. ಕನ್ನಡದ ಕೃತಿಗಳನ್ನು ಬೇಗ ಪರಿಚಯಿಸುವುದಕ್ಕೂ ಇದೇ ಕಾರಣ ಸಾಕು. ನಾಲ್ವಡಿ ಕೃಷ್ಣರಾಜ ಒಡೆಯರ ಅಪೇಕ್ಷೆಯಂತೆ ಮುತ್ತಯ್ಯ ಭಾಗವತರು (1877–1945) ಚಾಮುಂಡೇಶ್ವರಿಯ ಮೇಲೆ ಕನ್ನಡದಲ್ಲಿ ರಚಿಸಿದ 108 ಅಷ್ಟೋತ್ತರ ಕೃತಿಗಳು, ಅದರಲ್ಲೂ ಮೋಹನಕಲ್ಯಾಣಿಯ ‘ಭುವನೇಶ್ವರಿಯ’, ಇಂಥ ಸಂಗ್ರಹಗಳಲ್ಲಿ ಇರಲೇಬೇಕಾದವು.

ಆಕ್ಷೇಪಗಳು

ಸ್ವರಲಿಪಿಗೆ ಗಮಕ ಹಿಡಿಯುವ ಶಕ್ತಿಯಿಲ್ಲ, ಆದ್ದರಿಂದ ಯಾವ ಪುಸ್ತಕವಾದರೇನು ಎಂಬುದು ಹಿಂದಿನಿಂದ ಕೇಳಿಬರುವ ಆಕ್ಷೇಪ. ಮೊದಲರ್ಧ ನಿಜ. ಜಂಟಿವರಸೆಯಲ್ಲಿ ಒಂದೇ ಸ್ವರ ಜೋಡಿಯಾಗಿ ಬಂದಾಗ ಎರಡನೆಯದಕ್ಕೆ ಕೆಳಗಿನ ಸ್ವರದಿಂದ ಒಂದು ತಟ್ಟು ಬೀಳುತ್ತದೆ, ಅದೇ ಸ್ಫುರಿತ. ಸಾಮಾನ್ಯ ಪುಸ್ತಕದಲ್ಲಿ ಅಚ್ಚಾಗಿರುವುದು ‘ರಿರಿ’ ಎಂದಷ್ಟೇ. ಪುಟ ನೋಡಿ ಹಾಡಿದರೆ ತಟ್ಟು ಬರುವುದಿಲ್ಲ, ಗುರು ಹಾಡಿ ತೋರಿಸಿದರೆ ಬರುತ್ತದೆ. ಆದರೆ ಇದರಿಂದ ಎಲ್ಲ ಪುಸ್ತಕಗಳೂ ಸಮ ಎಂಬ ತೀರ್ಮಾನ ಹೊರಡದು. ಸುಬ್ಬರಾಮ ದೀಕ್ಷಿತರು 1904ರಲ್ಲೇ ಚಿಹ್ನೆ ಹಾಕಿ ತೋರಿಸಿದರು. ಅಷ್ಟು ಮಾಡದ ಸಂಗ್ರಹವೂ ತಾನು ಏನನ್ನು ಬಿಟ್ಟಿದೆ ಎಂದು ಪೀಠಿಕೆಯಲ್ಲಿ ಹೇಳಬಹುದು. ಬಿಟ್ಟದ್ದನ್ನು ಹೇಳುವ ಪುಸ್ತಕ ವಿದ್ಯಾರ್ಥಿಯನ್ನು ಗುರುವಿನ ಹತ್ತಿರ ಕಳಿಸುತ್ತದೆ, ಹೇಳದ ಪುಸ್ತಕ ಪುಟವೇ ಪೂರ್ಣವೆಂಬ ಭ್ರಮೆ ಹುಟ್ಟಿಸುತ್ತದೆ.

ಗುರು ಬರೆಸಿದ ನೋಟ್‌ಬುಕ್ ಇದ್ದ ಮೇಲೆ ಅಚ್ಚಿನ ಪುಸ್ತಕ ಏಕೆ ಎಂಬುದು ಇನ್ನೊಂದು ಮಾತು. ನೋಟ್‌ಬುಕ್ಕಿನ ಬೆಲೆ ಅದರ ಮೂಲ ಸ್ಪಷ್ಟವಾಗಿರುವುದರಲ್ಲಿದೆ. ಅದು ಇಂಥ ಗುರುವಿನ ಪಾಠ ಎಂದು ಎಲ್ಲರಿಗೂ ಗೊತ್ತು. ಅಂದರೆ ಈ ಆಕ್ಷೇಪ ಇಲ್ಲಿ ಹೇಳುತ್ತಿರುವ ಅಳತೆಗೋಲನ್ನೇ ಒಪ್ಪುತ್ತದೆ. ಕೊರತೆ ಇರುವುದು ಬೇರೆಡೆ: ಮಕ್ಕಳು ಅವಸರದಲ್ಲಿ ಬರೆದುಕೊಂಡ ಪುಟದಲ್ಲಿ ಸ್ಥಾಯಿಯ ಚುಕ್ಕಿಗಳು ಬಿಟ್ಟುಹೋಗುತ್ತವೆ, ತಾಳದ ಗೆರೆಗಳು ಸರಿದುಹೋಗುತ್ತವೆ. ಅದನ್ನು ಹೋಲಿಸಿ ನೋಡಲು ಒಂದು ಅಚ್ಚಿನ ಪಾಠ ಬೇಕು.

ಹಲವು ಪಾಠಾಂತರಗಳ ಟಿಪ್ಪಣಿ ಹೊಸಬರನ್ನು ಗೊಂದಲಕ್ಕೆ ತಳ್ಳುತ್ತದೆ ಎಂಬ ಮಾತಿನಲ್ಲಿ ಹುರುಳಿದೆ. ಎಂಟು, ಹತ್ತು ವಯಸ್ಸಿನ ಮಗುವಿಗೆ ಗೀತೆಯ ಎರಡು ರೂಪ ಕೊಡುವುದು ತರವಲ್ಲ. ವರ್ಣದವರೆಗೆ ಒಂದೇ ಪುಸ್ತಕ, ಅದೂ ಗುರು ಒಪ್ಪಿದ್ದು, ಸಾಕು. ಕೃತಿಗಳ ಹಂತಕ್ಕೆ ಬಂದ ಮೇಲೆ, ಸೀನಿಯರ್ ಪರೀಕ್ಷೆಯ ಹೊತ್ತಿಗೆ, ಒಂದೇ ಕೃತಿಯನ್ನು ಎರಡು ಸಂಗ್ರಹಗಳಲ್ಲಿ ತೆರೆದು ನೋಡುವ ಅಭ್ಯಾಸ ಆಗಬೇಕು. ಧ್ವನಿಮುದ್ರಣಗಳು ಕೈಯಲ್ಲೇ ಇರುವಾಗ ಇದೆಲ್ಲ ಅನಗತ್ಯ ಎನ್ನುವವರಿಗೂ ಇಲ್ಲೇ ಉತ್ತರವಿದೆ. ಮೊಬೈಲಿನಲ್ಲಿ ಕೇಳಿದ ಹಾಡಿಕೆ ಗಮಕವನ್ನು ಕೊಡುತ್ತದೆ, ಅದು ದೊಡ್ಡ ಉಪಕಾರ. ಆದರೆ ಕಚೇರಿಯ ಗಾಯಕರು ಹಾಕುವ ಸಂಗತಿಗಳಲ್ಲಿ ಪರಂಪರೆಯವು ಎಷ್ಟು, ಅವರದೇ ಕಲ್ಪನೆ ಎಷ್ಟು ಎಂದು ಕಿವಿಗೆ ತಿಳಿಯುವುದಿಲ್ಲ. ಮೂಲ ಹೇಳುವ ಪುಸ್ತಕ ಪಕ್ಕದಲ್ಲಿದ್ದರೆ ತಿಳಿಯುತ್ತದೆ.

ಇಂದಿನ ಸ್ಥಿತಿ

ಕನ್ನಡದಲ್ಲಿ ಪ್ರಾರಂಭಿಕ ಪುಸ್ತಕಗಳಿಗೆ ಬರವಿಲ್ಲ. ಮೈಸೂರು, ಬೆಂಗಳೂರಿನ ಅಂಗಡಿಗಳಲ್ಲಿ ಅವು ಸುಲಭವಾಗಿ ಸಿಗುತ್ತವೆ. ಬರ ಇರುವುದು ಆಧಾರಸಹಿತ ಕೃತಿಸಂಪುಟಗಳದು. ರಾಳ್ಲಪಲ್ಲಿ ಅನಂತಕೃಷ್ಣಶರ್ಮರು (1893–1979) ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ದುಡಿದು, ಆಮೇಲೆ ತಿರುಪತಿಯಲ್ಲಿ ಅನ್ನಮಾಚಾರ್ಯರ ಕೀರ್ತನೆಗಳಿಗೆ ಸ್ವರ ಸಂಯೋಜಿಸಿ ಪ್ರಕಟಿಸಿದಾಗ ಹಾಡಿನ ಸಾಹಿತ್ಯ ಯಾರದು, ಸಂಯೋಜನೆ ಯಾರದು ಎಂಬ ಗೆರೆ ಸ್ಪಷ್ಟವಾಗಿತ್ತು. ದಾಸಸಾಹಿತ್ಯದ ಸಂಗ್ರಹಗಳಲ್ಲಿ ಆ ಶಿಸ್ತು ಎಲ್ಲೆಡೆ ಬಂದಿಲ್ಲ. ಹಳೆಯ ಎಷ್ಟೋ ಪುಸ್ತಕಗಳು ಮರುಮುದ್ರಣ ಕಾಣದೆ, ನೆರಳಚ್ಚಿನ ಪ್ರತಿಗಳಾಗಿ ಕೈಯಿಂದ ಕೈಗೆ ಸಾಗುತ್ತಿವೆ. ನಕಲಿನ ನಕಲಿನಲ್ಲಿ ಮೊದಲು ಅಳಿಸುವುದು ಸ್ಥಾಯಿಯ ಚುಕ್ಕಿ, ಆಮೇಲೆ ವೇಗದ ಗೆರೆ. ಶೀರ್ಷಿಕೆಯ ಪುಟ ಮತ್ತು ಪೀಠಿಕೆ ಎಷ್ಟೋ ಸಲ ನಕಲಾಗುವುದೇ ಇಲ್ಲ, ಅದರೊಂದಿಗೆ ಮೂಲದ ಮಾಹಿತಿಯೂ ಹೋಗುತ್ತದೆ. ನಕಲು ಮಾಡಿಸುವವರು ಆ ಮೊದಲ ಪುಟಗಳನ್ನೂ ಸೇರಿಸಿಕೊಳ್ಳುವುದು ಅವಶ್ಯ.

ಹೊಸ ಸಂಪಾದನೆಗೆ ಕಾನೂನಿನ ಅಡ್ಡಿ ಈಗ ಕಡಿಮೆ. ಭಾರತದ ಕೃತಿಸ್ವಾಮ್ಯ ಕಾಯಿದೆಯಂತೆ, ಕರ್ತೃ ಬದುಕಿದ್ದಾಗ ಪ್ರಕಟವಾದ ರಚನೆಯ ಹಕ್ಕು ಅವರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಇರುತ್ತದೆ. ಅದರಂತೆ ಮುತ್ತಯ್ಯ ಭಾಗವತರ ಇಂಥ ರಚನೆಗಳು 2006ರಿಂದಲೂ ವಾಸುದೇವಾಚಾರ್ಯರವು 2022ರಿಂದಲೂ ಮುಕ್ತ. ಜಯಚಾಮರಾಜ ಒಡೆಯರ ರಚನೆಗಳಿಗೆ ಈ ಲೆಕ್ಕದಲ್ಲಿ 2034ರ ಕೊನೆಯವರೆಗೆ ಹಕ್ಕು ಇರುತ್ತದೆ. ಸಂಪಾದಕರೊಬ್ಬರು ಸ್ವಂತವಾಗಿ ಸಿದ್ಧಪಡಿಸಿದ ಸ್ವರಲಿಪಿ ಮತ್ತು ಟಿಪ್ಪಣಿಗಳ ಹಕ್ಕು ಇದರಿಂದ ಬೇರೆ. ಅವನ್ನು ಎತ್ತಿಕೊಳ್ಳಲು ಅವರ ಅಥವಾ ಪ್ರಕಾಶಕರ ಒಪ್ಪಿಗೆ ಬೇಕು.